ಡಬ್ಬಿಯಲ್ಲಿ ಉಳಿದ ಇಪ್ಪತ್ತೆಂಟು ಮಾತ್ರೆ

ದೊಡ್ಡ ಮಾತ್ರೆ ಒಂದಕ್ಕೆ ಹನ್ನೆರಡು ರೂಪಾಯಿ, ಸಣ್ಣದಕ್ಕೆ ಎರಡು. ಬೆಳಿಗ್ಗೆ ಒಂದು ಜೊತೆ, ಸಂಜೆ ಒಂದು ಜೊತೆ. ತಿಂಗಳಿಗೆ ಎಂಟುನೂರ ನಲವತ್ತು. ಮೂರು ತಿಂಗಳಿಗೊಮ್ಮೆ ಯಲಹಂಕದ ಡಾಕ್ಟರಮ್ಮನಿಗೆ ಏಳುನೂರು, ಹೋಗಿಬರುವ ಬಸ್ಸು, ಆವತ್ತು ನಿಂತ ಎರಡು ಮಗ್ಗದ ಕೂಲಿ. ಮೊದಲ ವರ್ಷ ತೆಗೆಸಿದ ತಲೆಯ ಸ್ಕ್ಯಾನಿಂಗಿಗೆ ಏಳು ಸಾವಿರ. ಮಂತ್ರವಾದಿ ಕೊಂಡಪ್ಪ ಕೇಳಿದ್ದು ಹನ್ನೊಂದು ಸಾವಿರ, ಅದರಲ್ಲಿ ಐದು ಮುಂಗಡ. ಕೋಳಿ, ಕುಂಬಳಕಾಯಿ, ನಿಂಬೆಹಣ್ಣು ಬೇರೆ.

"ಕೊಂಡಪ್ಪಂದು ಒಂದೇ ಸಲದ ಖರ್ಚು ಕಣೆ. ಮಾತ್ರೇದು ಸಾಯೋವರ್ಗೂ ಇದ್ದದ್ದೆ," ಎಂದು ಕೋದಂಡರಾಮಯ್ಯ ಹೇಳಿದಾಗ ಹೆಂಡತಿ ಶಕುಂತಲಮ್ಮ ತಾನೂ ಮನಸ್ಸಿನಲ್ಲೇ ಕೂಡಿಸಿ ನೋಡಿದಳು. ಲೆಕ್ಕ ಸರಿಯಾಗಿಯೇ ಇತ್ತು.

ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಮನೆಗೆ ನಾಲ್ಕೋ ಆರೋ ಪವರ್‌ಲೂಮು. ಇವರದು ನಾಲ್ಕು. ಕೋದಂಡರಾಮಯ್ಯ ನೂಲು ತರುವುದು, ಸೀರೆ ಕೊಡುವುದು, ಮಗ್ಗ ರಿಪೇರಿ ನೋಡಿಕೊಳ್ಳುತ್ತಿದ್ದ. ಮಗ ನಂದನ್ ಎರಡು ಮಗ್ಗ ನಡೆಸುತ್ತಿದ್ದ, ಮಗಳು ಅರುಣಾ ಎರಡು. ಶಕುಂತಲಮ್ಮ ಮನೆಗೆಲಸ ಮುಗಿಸಿ ಲಾಳಿಗೆ ಹಾಕುವ ಕಂಡಿಕೆಗೆ ದಾರ ಸುತ್ತಿಕೊಡುತ್ತಿದ್ದಳು. ಇಪ್ಪತ್ತೊಂದರ ಅರುಣಾಳ ಕೈ ನಾಲ್ವರಲ್ಲಿ ಚುರುಕು. ಓಡುವ ಹಾಸಿನಲ್ಲಿ ಒಂದು ಎಳೆ ಕಡಿದರೆ ಮಗ್ಗ ನಿಲ್ಲಿಸಿ, ಎಳೆ ಹುಡುಕಿ, ಗಂಟು ಹಾಕಿ ಮತ್ತೆ ಓಡಿಸುವಷ್ಟರಲ್ಲಿ ನಂದನ್ ಇನ್ನೂ ಎಳೆ ಹುಡುಕುತ್ತಿರುತ್ತಿದ್ದ.

ಅವಳಿಗೆ ಮೊದಲ ಸಲ ಫಿಟ್ಸ್ ಬಂದದ್ದು ಒಂದು ಗುರುವಾರ, ಬಸ್‌ಸ್ಟ್ಯಾಂಡಿನಲ್ಲಿ. ಎರಡನೆಯದು ಇಪ್ಪತ್ತು ದಿನಕ್ಕೆ, ತಲೆ ಬಾಚಿಕೊಳ್ಳುವಾಗ. ಮೂರನೆಯದು ಅದೇ ವಾರ. ಯಾರೋ ಹೇಳಿದರೆಂದು ಯಲಹಂಕಕ್ಕೆ ಕರೆದುಕೊಂಡು ಹೋದರು. ಡಾಕ್ಟರಮ್ಮ ನಿಧಾನದ ಹೆಂಗಸು. ಕಾಗದದ ಮೇಲೆ ತಲೆಯ ಚಿತ್ರ ಬರೆದು ತೋರಿಸಿದರು.

"ಮಿದುಳಲ್ಲಿ ಸಣ್ಣ ಸಣ್ಣ ಕರೆಂಟು ಓಡ್ತಾನೇ ಇರುತ್ತೆ. ಇವಳಿಗೆ ಈ ಒಂದು ಜಾಗದಲ್ಲಿ ಒಂದೊಂದ್ಸಲ ಮಿತಿ ಮೀರಿ ಹರಿಯುತ್ತೆ, ಅದೇ ಫಿಟ್ಸು. ಮಾತ್ರೆ ಆ ಹರಿಯೋದನ್ನ ತಡೆದು ಹಿಡ್ಕೊಳುತ್ತೆ. ಪೂರಾ ನಿಲ್ಲಿಸೋದಿಲ್ಲ, ನಿಲ್ಲಿಸಿದ್ರೆ ಯೋಚನೇನೇ ನಿಂತುಹೋಗುತ್ತೆ."

"ಮೋಟರಿಗೆ ಸ್ಟೆಬಿಲೈಜರ್ ಹಾಕಿದಂಗೆ," ಎಂದ ಕೋದಂಡರಾಮಯ್ಯ.

"ಹಂಗೇ ಅನ್ಕೊಳ್ಳಿ. ಆದ್ರೆ ಈ ಸ್ಟೆಬಿಲೈಜರು ಹನ್ನೆರಡು ಗಂಟೆಗೆ ಸವೆದುಹೋಗುತ್ತೆ. ಹೊತ್ತಿಗೆ ಸರಿಯಾಗಿ ಮತ್ತೆ ಹಾಕ್ಬೇಕು. ಮರೀಬಾರ್ದು ಅಂದ್ರೆ ದಿನಾ ತಪ್ಪದೆ ಮಾಡೋ ಒಂದು ಕೆಲಸಕ್ಕೆ ಮಾತ್ರೇನ ಕಟ್ಟಿಹಾಕಿ. ಹಲ್ಲುಜ್ಜೋದು, ಕಾಫಿ ಕುಡಿಯೋದು, ಯಾವುದಾದ್ರೂ ಸರಿ."

ನೇಯುವವರ ಮನೆಯಲ್ಲಿ ತಪ್ಪದೆ ನಡೆಯುವ ಕೆಲಸ ಯಾವುದೆಂದು ಯೋಚಿಸಬೇಕಾಗಿರಲಿಲ್ಲ. ಕಾಫಿ ಪುಡಿ ಮುಗಿದ ದಿನ ಉಂಟು, ನೀರು ಬಾರದೆ ಸ್ನಾನ ತಪ್ಪಿದ ದಿನ ಉಂಟು, ಮಗ್ಗದ ಸ್ವಿಚ್ಚು ಹಾಕದ ದಿನವಿಲ್ಲ. ಮಗ್ಗದ ಕೊಟ್ಟಿಗೆಯಲ್ಲಿ ಚೌಡೇಶ್ವರಿ ಪಟದ ಕೆಳಗಿನ ಗೂಡಿನಲ್ಲಿ, ಕತ್ತರಿ ಮತ್ತು ಎಣ್ಣೆಕುಡಿಕೆಯ ಪಕ್ಕ ಮಾತ್ರೆಯ ಹಾಳೆ ಇಟ್ಟರು. ಬೆಳಿಗ್ಗೆ ಏಳಕ್ಕೆ ಕೋದಂಡರಾಮಯ್ಯ ಸ್ವಿಚ್ಚಿಗೆ ಕೈಹಾಕಿ "ಮಾತ್ರೆ" ಎಂದು ಕೂಗುತ್ತಿದ್ದ. ಸಂಜೆ ಏಳೂವರೆಗೆ ಸ್ವಿಚ್ಚು ಆರಿಸುವಾಗ ಮತ್ತೊಂದು ಕೂಗು. ಅರುಣಾ ಗೂಡಿಗೆ ಕೈಹಾಕಿ ನುಂಗುತ್ತಿದ್ದಳು. ಹಬ್ಬದ ದಿನವೂ ಪೂಜೆ ಮುಗಿಸಿ ಒಂದೆರಡು ಗಂಟೆ ಓಡಿಸುವ ಮನೆ ಅದು.

ಮಾತ್ರೆ ಶುರುವಾದ ಮೇಲೆ ಬಸ್‌ಸ್ಟ್ಯಾಂಡಿನಂಥದ್ದು ಮತ್ತೆ ಆಗಲಿಲ್ಲ. ಆದರೆ ಅಮಾವಾಸ್ಯೆಗೆ ಬಂತು. ಮುಂದಿನ ಅಮಾವಾಸ್ಯೆ ಕಳೆದು ಬೆಳಗಾಗುವಾಗ ಮತ್ತೆ ಬಂತು. ಒಂದು ತಿಂಗಳು ಬಿಟ್ಟು ಮತ್ತೆ ಅಮಾವಾಸ್ಯೆಗೇ. ಯಲಹಂಕದಲ್ಲಿ ಡಾಕ್ಟರಮ್ಮ ಕೇಳುತ್ತಿದ್ದರು, "ದಿನಾ ತಗೋತಿದ್ದೀಯಾ?" ಮೂವರೂ ಒಟ್ಟಿಗೆ ಹೂಂ ಅನ್ನುತ್ತಿದ್ದರು. ಮಾತ್ರೆಯ ಪವರ್ ಏರಿತು. ಆಮೇಲೆ ಎರಡನೆಯ ಮಾತ್ರೆ, ಸಣ್ಣದು, ಸೇರಿತು. ಆಗ ಅರುಣಾಳಿಗೆ ಕಣ್ಣಿನ ತೊಂದರೆ ಶುರುವಾಯಿತು. ಮಾತ್ರೆ ನುಂಗಿದ ಒಂದೆರಡು ಗಂಟೆಗೆ ಒಂದು ಎಳೆ ಎರಡಾಗಿ ಕಾಣುತ್ತಿತ್ತು. ಯಾವುದು ನಿಜದ ಎಳೆ, ಯಾವುದು ಅಲ್ಲ ಎಂದು ತಿಳಿಯದೆ ಬೆರಳು ಗಾಳಿಯಲ್ಲಿ ತಡಕಾಡುತ್ತಿತ್ತು. ಎರಡು ಸೀರೆ ಮಗ್ಗದಲ್ಲೇ ಕೆಟ್ಟವು. ಕೋದಂಡರಾಮಯ್ಯ ಅವಳನ್ನು ಮಗ್ಗದಿಂದ ಎಬ್ಬಿಸಿ ಕಂಡಿಕೆ ಸುತ್ತಲು ಅಮ್ಮನ ಪಕ್ಕ ಕೂರಿಸಿದ. ಅವತ್ತಿನಿಂದ ಅರುಣಾ ಊಟದಲ್ಲೂ ಮಾತು ಕಡಿಮೆ ಮಾಡಿದಳು.

"ಡಾಕ್ಟರು ಕರೆಂಟು ಅಂತಾರೆ. ಕರೆಂಟಿಗೆ ಪಂಚಾಂಗ ಗೊತ್ತಾ?" ಎನ್ನುತ್ತಿದ್ದ ಕೋದಂಡರಾಮಯ್ಯ. "ಅಮಾವಾಸ್ಯೆ ನೋಡ್ಕೊಂಡು ಬರೋದು ಕಾಯಿಲೆ ಅಲ್ಲ."

ಹೊಸಕೋಟೆ ಕಡೆಯ ಕೊಂಡಪ್ಪ ಹೇಳಿದ್ದೂ ಅದನ್ನೇ. ಕಾರ್ತೀಕದ ಅಮಾವಾಸ್ಯೆ ಶುಕ್ರವಾರ ಬೀಳುತ್ತದೆ, ಅವತ್ತು ಮೈಮೇಲಿನ ಗಾಳಿಗೆ ಕಟ್ಟು ಹಾಕುತ್ತೇನೆ, ಅದಕ್ಕೆ ಏಳು ದಿನ ಮುಂಚಿನಿಂದ ಮೈಯಲ್ಲಿ ಇಂಗ್ಲಿಷ್ ಔಷಧಿ ಇರಕೂಡದು ಎಂದ. ಶನಿವಾರ ಬೆಳಿಗ್ಗೆ ಕೋದಂಡರಾಮಯ್ಯ ಸ್ವಿಚ್ಚು ಹಾಕಿದ, ಕೂಗು ಹಾಕಲಿಲ್ಲ. ಅಷ್ಟೆ.

ಮಾತ್ರೆ ಬಿಡುವುದಕ್ಕೆ ಅರುಣಾ ಅಪ್ಪನಿಗಿಂತ ಮುಂದಿದ್ದಳು. "ತಿಂಗಳಿಗೊಂದ್ಸಲ ಬಿದ್ದರೆ ಬೀಳ್ತೀನಮ್ಮ. ದಿನಾ ಎರಡೆರಡು ದಾರ ನೋಡ್ಕೊಂಡು ಕೂರಕ್ಕಾಗಲ್ಲ," ಎಂದಳು.

ಸೋಮವಾರದ ಹೊತ್ತಿಗೆ ಅವಳ ಕಣ್ಣು ತಿಳಿಯಾಯಿತು. ಮಧ್ಯಾಹ್ನ ಯಾರನ್ನೂ ಕೇಳದೆ ಹೋಗಿ ತನ್ನ ಹಳೆಯ ಮಗ್ಗದ ಮುಂದೆ ನಿಂತಳು. ಎಳೆ ಕಡಿಯಿತು, ಗಂಟು ಹಾಕಿದಳು, ಓಡಿಸಿದಳು. ನಂದನ್ ಆಚೆ ಮಗ್ಗದಿಂದ ಕೂಗಿದ, "ಬಂದ್ಬಿಟ್ಲಪ್ಪಾ ಮೇಸ್ತ್ರಿ. ಇನ್ನು ನಮ್ಮನ್ನ ಉಳಿಸಲ್ಲ."

"ನೀನು ಹಾಕಿರೋ ಗಂಟು ನೋಡು ಮೊದ್ಲು. ಇಲಿ ಕಟ್ಟಿದಂಗಿದೆ," ಎಂದಳು ಅರುಣಾ. ಎರಡು ತಿಂಗಳಾದ ಮೇಲೆ ಅವಳು ನಕ್ಕದ್ದನ್ನು ಶಕುಂತಲಮ್ಮ ಕಂಡಿಕೆಯ ರಾಟೆ ಬಿಟ್ಟು ನೋಡುತ್ತ ಕೂತಳು. ಕೊಂಡಪ್ಪನಿಗೆ ಮನಸ್ಸಿನಲ್ಲೇ ಕೈಮುಗಿದಳು.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಅವರೆಕಾಯಿಯ ಬುಟ್ಟಿ ಹೊತ್ತು ಸೊಣ್ಣಮ್ಮ ಬಂದಳು. ಕುಂದಾಣದ ಕಡೆಯವಳು, ಸ್ವಂತ ಎರಡೆಕರೆ ಹೊಲದವಳು. ವಾರಕ್ಕೆರಡು ಸಲ ಬಸ್ಸಿನಲ್ಲಿ ಸೊಪ್ಪು ಕಾಯಿ ತಂದು ಈ ಬೀದಿಯಲ್ಲಿ ಮಾರಿ ಹೋಗುತ್ತಿದ್ದಳು. ಕೋದಂಡರಾಮಯ್ಯ ನೂಲಿಗೆಂದು ಪೇಟೆಗೆ ಹೋಗಿದ್ದ. ಶಕುಂತಲಮ್ಮ ಜಗಲಿಯಲ್ಲಿ ಗೂಡಿನ ಸಾಮಾನೆಲ್ಲ ತಂದು ಹರಡಿ ಒರೆಸುತ್ತಿದ್ದಳು. ಇನ್ನು ಮಾತ್ರೆ ಬೇಡವೆಂದು ಹಾಳೆಗಳನ್ನೂ ಹೊರತೆಗೆದಿದ್ದಳು. ಸೊಣ್ಣಮ್ಮನ ಕಣ್ಣು ಅಲ್ಲಿಗೇ ಬಿತ್ತು. ಶಕುಂತಲಮ್ಮ ಸೆರಗು ಮುಚ್ಚಿದಳು. ಫಿಟ್ಸಿನ ವಿಷಯ ಬೀದಿಗೆ ತಿಳಿಯಬಾರದೆಂದು ಒಂದು ವರ್ಷದಿಂದ ಜೋಪಾನ ಮಾಡಿದವಳು.

"ಯಾಕಕ್ಕ ಮುಚ್ತೀಯ? ಈ ಸಣ್ಣ ಮಾತ್ರೆ ನನ್ನ ಸಂಚೀಲೂ ಐತೆ." ಸೊಣ್ಣಮ್ಮ ಸೊಂಟದ ಸಂಚಿಯಿಂದ ಅದೇ ಹಾಳೆ ತೆಗೆದು ತೋರಿಸಿದಳು. "ನಿಂಗೂ ಮುಖದ ನರಾನಾ?"

ಶಕುಂತಲಮ್ಮ ಹೂಂ ಅನ್ನುವುದೋ ಬೇಡವೋ ತಿಳಿಯದೆ, "ಮುಖದ್ದಕ್ಕೆ ಇದನ್ನ ಕೊಡ್ತಾರಾ? ಇದು ಫಿಟ್ಸಿಂದು ಅಂತ ಅಂಗಡಿಯವನು ಅಂದ," ಎಂದಳು.

"ಎರಡಕ್ಕೂ ಕೊಡ್ತಾರಂತೆ. ನಂಗೆ ಈ ಕೆನ್ನೇಲಿ ಚಕ್ ಅಂತ ಹೊಡೀತಿತ್ತು ಕಣಕ್ಕ. ಹಲ್ಲುನೋವು ಅಂತ ಮೂರು ಹಲ್ಲು ಕೀಳಿಸ್ಕೊಂಡೆ. ಕಿತ್ತವನೂ ದುಡ್ಡು ಇಸ್ಕೊಂಡ, ನೋವೂ ಹೋಗ್ಲಿಲ್ಲ. ಆಮೇಲೆ ದೇವನಹಳ್ಳಿ ಡಾಕ್ಟ್ರು ನರದಲ್ಲಿ ಕರೆಂಟು ಜಾಸ್ತಿ ಹರೀತೈತೆ ಅಂದು ಇದನ್ನ ಬರ್ಕೊಟ್ರು. ಈಗ ಕಡ್ಲೆಪುರಿ ತಿಂತೀನಿ." ಅವಳು ಉಳಿದ ಹಲ್ಲು ತೋರಿಸಿ ನಕ್ಕಳು. "ಒಂದೇ ಕಷ್ಟ, ತಪ್ಪಿಸಂಗಿಲ್ಲ. ಮೊನ್ನೆ ನಮ್ಮಣ್ಣನ ಮಗಳು ಸಿಂಚನನ ಮದ್ವೆ. ಅವಸರದಲ್ಲಿ ಸಂಚಿ ಮನೇಲೇ ಬಿಟ್ಟೋದೆ. ಎರಡು ಹೊತ್ತು ತಪ್ತು. ಧಾರೆ ಎರೆಯೋ ಹೊತ್ಗೆ ಶುರುವಾಯ್ತು ನೋಡು, ಆರತಿ ತಟ್ಟೆ ಕೆಳಗಿಟ್ಟು ಕೆನ್ನೆ ಹಿಡ್ಕೊಂಡು ಕೂತ್ಬಿಟ್ಟೆ. ಎಲ್ಲಾರೂ ಅತ್ತೆಗೆ ಎಷ್ಟು ದುಃಖ ಅಂದ್ರು."

"ಎರಡೇ ಹೊತ್ತಿಗಾ?"

"ಎರಡೇ ಹೊತ್ತಿಗೆ. ಅವರೆಕಾಯಿ ಎಷ್ಟು ಹಾಕ್ಲಿ, ಎರಡು ಕೇಜಿ?"

ಶಕುಂತಲಮ್ಮ ಎರಡು ಕೇಜಿ ಹಾಕಿಸಿಕೊಂಡಳು, ದುಡ್ಡು ಕೊಟ್ಟಳು, ಚಿಲ್ಲರೆ ಇಸಿದುಕೊಳ್ಳುವುದನ್ನು ಮರೆತಳು. ಸೊಣ್ಣಮ್ಮ ಹೋದ ಮೇಲೂ ಅಲ್ಲೇ ಕೂತಿದ್ದಳು. ಎರಡು ಹೊತ್ತು. ಅವಳ ತಲೆಯಲ್ಲಿ ಒಂದು ಡಬ್ಬಿ ಅಲುಗಾಡುತ್ತಿತ್ತು.

ಅಡುಗೆಮನೆಯ ಅಟ್ಟದ ಮೇಲೆ ಹಳೆಯ ಬಿಸ್ಕತ್ ಡಬ್ಬಿ ಇತ್ತು. ತುಂಡು ರೇಷ್ಮೆಯನ್ನೂ ಎಸೆಯದೆ ಉಂಡೆ ಕಟ್ಟಿಡುವ ಮನೆಯ ಹೆಂಗಸು ಅವಳು. ತಿಂಗಳಿಗೆಂದು ತಂದ ಮಾತ್ರೆಯಲ್ಲಿ ಹೆಚ್ಚುಕಮ್ಮಿ ಪ್ರತಿ ಸಲ ಎರಡು ಹೊತ್ತಿನದು ಉಳಿಯುತ್ತಿತ್ತು. ಹೊಸ ಹಾಳೆ ಬಂದಾಗ ಹಳೆಯದನ್ನು ಕತ್ತರಿಸಿ ಡಬ್ಬಿಗೆ ಹಾಕುತ್ತಿದ್ದಳು, ಕೈಯಲ್ಲಿ ದುಡ್ಡಿಲ್ಲದ ದಿನಕ್ಕೆ ಆಗುತ್ತದೆಂದು. ಡಬ್ಬಿ ತೆಗೆದು ಸೆರಗಿನ ಮೇಲೆ ಸುರಿದಳು. ದೊಡ್ಡ ಮಾತ್ರೆ ಇಪ್ಪತ್ತೆರಡು. ಸಣ್ಣದು ಆರು.

ಮಾತ್ರೆ ಶುರುವಾದ ಮೇಲೆ ಕಳೆದ ಅಮಾವಾಸ್ಯೆಗಳನ್ನು ಬೆರಳಲ್ಲಿ ಎಣಿಸಿದಳು. ಹನ್ನೆರಡು.

ಅಮಾವಾಸ್ಯೆಯ ದಿನ ಮಗ್ಗ ಓಡುವುದಿಲ್ಲ. ಅಜ್ಜನ ಕಾಲದಿಂದ ನಡೆದುಬಂದದ್ದು. ಹಿಂದಿನ ದಿನ ಸಂಜೆಯೇ ಕೊಟ್ಟಿಗೆ ಗುಡಿಸಿ, ಮಗ್ಗ ಒರೆಸಿ ಎಣ್ಣೆ ಹಾಕಿ, ಅಮಾವಾಸ್ಯೆ ಬೆಳಿಗ್ಗೆ ಅರಿಶಿನ ಕುಂಕುಮವಿಟ್ಟು, ಲಾಳಿ ಕತ್ತರಿ ಎಲ್ಲ ಪಟದ ಮುಂದೆ ಜೋಡಿಸಿ ಕರ್ಪೂರ ಹಚ್ಚಿ ಬಾಗಿಲು ಹಾಕಿದರೆ, ತೆಗೆಯುವುದು ಮರುದಿನ ಬೆಳಿಗ್ಗೆ. ಜೋಡಿಸುವವಳು ಶಕುಂತಲಮ್ಮನೇ. ಮಾತ್ರೆಯ ಹಾಳೆಗೂ ಕುಂಕುಮ ಹಚ್ಚಿ, ಅಮ್ಮಾ ಕಾಪಾಡು ಎಂದು ಲಾಳಿಯ ಪಕ್ಕ ಇಟ್ಟು ಬೀಗ ಹಾಕಿದವಳು ಅವಳೇ. ಅವತ್ತು ಸ್ವಿಚ್ಚು ಹಾಕುವವರಿಲ್ಲ, ಕೂಗುವವರಿಲ್ಲ. ದಿನಾ ತಗೋತೀಯಾ ಎಂದು ಡಾಕ್ಟರಮ್ಮ ಕೇಳಿದಾಗ ಹೂಂ ಅಂದದ್ದು ಸುಳ್ಳಲ್ಲ. ಆ ಮನೆಯಲ್ಲಿ ಅಮಾವಾಸ್ಯೆಯನ್ನು ದಿನವೆಂದು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಸಣ್ಣ ಮಾತ್ರೆ ಸೇರಿದ ಮೇಲೆ ಬಂದದ್ದು ಮೂರೇ ಅಮಾವಾಸ್ಯೆ, ಅದರ ಆರು ಸರಿಹೋಯಿತು. ಹನ್ನೆರಡು ಅಮಾವಾಸ್ಯೆಗೆ ದೊಡ್ಡದು ಇಪ್ಪತ್ನಾಲ್ಕು ಉಳಿಯಬೇಕಿತ್ತು. ಇಪ್ಪತ್ತೆರಡೇ ಏಕೆ? ಅದೂ ನೆನಪಾಯಿತು. ಆಷಾಢದ ಅಮಾವಾಸ್ಯೆಗೆ ಮಗ್ಗ ಓಡಿತ್ತು. ವರಮಹಾಲಕ್ಷ್ಮಿ ಹಬ್ಬದ ಸೀರೆಗೆ ಅಂಗಡಿಯವರ ಅವಸರ, ಕೋದಂಡರಾಮಯ್ಯ ನೂರೊಂದು ರೂಪಾಯಿ ತಪ್ಪುಕಾಣಿಕೆ ಕಟ್ಟಿಟ್ಟು ಸ್ವಿಚ್ಚು ಹಾಕಿ "ಮಾತ್ರೆ" ಎಂದು ಕೂಗಿದ್ದ. ಅವತ್ತು ಅರುಣಾಳಿಗೆ ಏನೂ ಆಗಲಿಲ್ಲ. ದೇವಿ ಕಾಣಿಕೆ ಒಪ್ಪಿಕೊಂಡಳು ಎಂದುಕೊಂಡಿದ್ದರು.

ಮಾತ್ರೆ ತಿಂಗಳೆಲ್ಲ ಮಗಳನ್ನು ಕಾದಿತ್ತು. ತಾನು ಬೀಗ ಹಾಕಿದ ಒಂದು ದಿನ ಮಾತ್ರ ಕಾಯಲಾಗಲಿಲ್ಲ. ಮಾತ್ರೆ ಇಲ್ಲದೆ ಈಗ ನಾಲ್ಕನೆಯ ದಿನ.

ಕೊಟ್ಟಿಗೆಯಿಂದ ಮಗ್ಗದ ಸದ್ದು ಬರುತ್ತಿತ್ತು. ಬಾಗಿಲಿಗೆ ಹೋಗಿ ನಿಂತಳು. ಅರುಣಾ ಜಡೆ ಮೇಲಕ್ಕೆ ಕಟ್ಟಿಕೊಂಡು, ಬಾಯಲ್ಲಿ ದಾರದ ತುದಿ ಕಚ್ಚಿ, ಹಸಿರು ಅಂಚಿನ ಸೀರೆಯ ಮೇಲೆ ಬಾಗಿದ್ದಳು. ಅಮ್ಮನನ್ನು ನೋಡಿ ಹುಬ್ಬು ಹಾರಿಸಿ ಏನು ಎಂದು ಕೇಳಿದಳು. ಆ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಶಕುಂತಲಮ್ಮನ ಮುಷ್ಟಿಯಲ್ಲಿ ಎರಡು ಮಾತ್ರೆ ಇದ್ದವು. ಕೊಟ್ಟರೆ ಅವಳು ನುಂಗುತ್ತಾಳೆಯೇ? ನುಂಗಿದರೆ ಮತ್ತೆ ಎರಡೆರಡು ದಾರ. ಯಜಮಾನರು ಬಂದು, ಕೊಂಡಪ್ಪನಿಗೆ ಐದು ಸಾವಿರ ಕೊಟ್ಟು ಏಳು ದಿನದ ಕಟ್ಟಳೆ ಹಿಡಿದಿದ್ದನ್ನು ನೀನು ಮುರಿದೆಯಾ ಎಂದರೆ? ಡಬ್ಬಿಯ ಲೆಕ್ಕ ತನ್ನ ತಲೆಗೆ ತೋಚಿದ್ದು, ತಪ್ಪಿದ್ದರೆ?

ಏನಿಲ್ಲ ಎಂದು ತಲೆಯಾಡಿಸಿ ಒಳಗೆ ಬಂದಳು. ಯಲಹಂಕದ ಕ್ಲಿನಿಕ್ಕಿಗೆ ಫೋನು ಮಾಡಿದಳು. ಡಾಕ್ಟರು ನಾಲ್ಕಕ್ಕೆ ಬರ್ತಾರಮ್ಮ, ಆವಾಗ ಮಾಡಿ ಎಂದಳು ಅಲ್ಲಿಯ ಹುಡುಗಿ. ಸರಿ, ಇವರು ಊಟಕ್ಕೆ ಬರಲಿ, ಡಬ್ಬಿ ಮುಂದಿಟ್ಟು ಹೇಳುತ್ತೇನೆ ಎಂದುಕೊಂಡು ಅವರೆಕಾಯಿ ಬಿಡಿಸುತ್ತ ಕೂತಳು. ಗಂಟೆ ಹತ್ತೂವರೆ.

ಹನ್ನೆರಡೂವರೆಗೆ ಕೊಟ್ಟಿಗೆಯಲ್ಲಿ ಒಂದು ಮಗ್ಗದ ಸದ್ದು ಬದಲಾಯಿತು. ನಲವತ್ತು ವರ್ಷ ಆ ಸದ್ದಿನೊಳಗೆ ಬದುಕಿದವಳಿಗೆ ಅದು ಎಳೆ ಕಡಿದ ಸದ್ದಲ್ಲವೆಂದು ತಿಳಿಯಿತು. ಕಾಳಿನ ತಟ್ಟೆ ಮಗುಚಿ ಓಡಿದಳು. ನಂದನ್ ಅಷ್ಟರಲ್ಲಿ ಮೇನ್ ಎಳೆದಿದ್ದ. ನಾಲ್ಕೂ ಮಗ್ಗ ಒಮ್ಮೆಗೇ ನಿಂತಿದ್ದವು. ಅರುಣಾ ಮಗ್ಗದ ಪಕ್ಕಕ್ಕೆ ವಾಲಿ ಬಿದ್ದಿದ್ದಳು, ಮೈ ಒದ್ದಾಡುತ್ತಿತ್ತು, ಬಲಗೈ ಹಲ್ಲುಚಕ್ರದ ಸಂದಿನಲ್ಲಿತ್ತು.

"ಅಮ್ಮಾ, ಕೈ ಎಳೀಬೇಡ, ಚಕ್ರ ಹಿಂದಕ್ಕೆ ತಿರುಗಿಸ್ತೀನಿ, ನೀನು ತಲೆ ಹಿಡ್ಕೋ," ಎಂದ ನಂದನ್. ಅವಳು ಮಗಳ ತಲೆ ಹಿಡಿದುಕೊಂಡಳು.

ನೂರೆಂಟರ ಗಾಡಿಯಲ್ಲಿ ಮತ್ತೊಂದು ಸಲ ಬಂತು. ತಾಲ್ಲೂಕು ಆಸ್ಪತ್ರೆಯ ಬಾಗಿಲಲ್ಲಿ ಮೂರನೆಯದು, ನಡುವೆ ಎಚ್ಚರವಾಗದೆಯೇ. ಅಲ್ಲಿ ನರಕ್ಕೆ ಔಷಧಿ ಕೊಟ್ಟು ನಿಲ್ಲಿಸಿ ಬೆಂಗಳೂರಿಗೆ ಕಳಿಸಿದರು. ಕೋದಂಡರಾಮಯ್ಯ ನೂಲಿನ ಚೀಲ ಹೆಗಲಲ್ಲಿಟ್ಟುಕೊಂಡೇ ಅಲ್ಲಿಗೆ ಬಂದ. ಐದು ದಿನ ಇದ್ದರು. ಅದರಲ್ಲಿ ಒಂದು ದಿನ ಅಮಾವಾಸ್ಯೆ. ಆ ದಿನ ಬೆಳಿಗ್ಗೆ ನರ್ಸು ಹೊತ್ತಿಗೆ ಸರಿಯಾಗಿ ಮಾತ್ರೆ ಕೊಟ್ಟಳು, ಸಂಜೆಯೂ ಕೊಟ್ಟಳು. ರಾತ್ರಿಯೆಲ್ಲ ಅಪ್ಪ ಅಮ್ಮ ಇಬ್ಬರೂ ಮಂಚದ ಆಚೆ ಈಚೆ ಕೂತರು. ಏನೂ ಆಗಲಿಲ್ಲ.

ಮನೆಗೆ ಬಂದ ದಿನ ಶಕುಂತಲಮ್ಮ ಡಬ್ಬಿ ತಂದು ಗಂಡನ ಮುಂದಿಟ್ಟು ಇದ್ದದ್ದನ್ನೆಲ್ಲ ಹೇಳಿದಳು. ಕುಂಕುಮ ಹಚ್ಚಿದ್ದು, ಬೀಗ ಹಾಕಿದ್ದು, ಸೊಣ್ಣಮ್ಮನ ಕೆನ್ನೆ, ಆಷಾಢದ ಅಮಾವಾಸ್ಯೆ. ಅವನು ಮಾತ್ರೆಗಳನ್ನು ಒಂದೊಂದಾಗಿ ಎಣಿಸಿ ಡಬ್ಬಿಗೆ ಹಾಕಿದ. ಮತ್ತೆ ಸುರಿದು ಎಣಿಸಿದ.

"ಯಾವಾಗ ಗೊತ್ತಾಯ್ತು ನಿಂಗೆ?"

"ಅವತ್ತೇ. ಹತ್ತೂವರೆಗೆ."

ಅವನು ತಲೆಯೆತ್ತಿ ನೋಡಿದ. ಬೈಯುತ್ತಾನೆಂದು ಕಾದಳು. ಬೈದಿದ್ದರೆ ಹಗುರವಾಗುತ್ತಿತ್ತು. "ನಾನು ಶನಿವಾರ ಕೂಗಿದ್ರೆ ಆಗ್ತಿತ್ತು," ಎಂದು ಎದ್ದು ಹೋದ.

ಯಲಹಂಕದಲ್ಲಿ ಡಾಕ್ಟರಮ್ಮ ಲೆಕ್ಕವೆಲ್ಲ ಕೇಳಿ ಡಬ್ಬಿಯನ್ನು ಮೇಜಿನ ಮೇಲೆ ಸುರಿದರು. "ದಿನಾನಾ ಅಂತ ಕೇಳಿದೆ. ಎಷ್ಟು ಉಳಿದಿದೆ ಅಂತ ಕೇಳ್ಬೇಕಿತ್ತು. ಸಾಲದು ಅಂತ ಮಾತ್ರೆ ಏರಿಸ್ತಾ ಹೋದೆ. ಕೊಟ್ಟಿದ್ದೇ ಸಾಕಾಗಿತ್ತು," ಎಂದರು. ಬಿಡಲೇಬೇಕಾದರೆ ವಾರಗಟ್ಟಲೆ ಸ್ವಲ್ಪಸ್ವಲ್ಪ ಇಳಿಸಬೇಕು, ಹಠಾತ್ತಾಗಿ ಬಿಟ್ಟರೆ ತಡೆದಿದ್ದದ್ದೆಲ್ಲ ಒಟ್ಟಿಗೆ ನುಗ್ಗುತ್ತದೆ ಎಂದರು.

"ಅವತ್ತು ಹತ್ತೂವರೆಗೆ ಮಾತ್ರೆ ಕೊಟ್ಟಿದ್ರೆ, ಮೇಡಂ?" ಎಂದು ಶಕುಂತಲಮ್ಮ ಕೇಳಿದಳು.

"ನಾಲ್ಕು ದಿನ ಬಿಟ್ಟಿತ್ತಲ್ಲಮ್ಮ. ಕೊಟ್ಟಿದ್ರೂ ಬರ್ತಿತ್ತೋ ಏನೋ. ಹೇಳೋಕಾಗಲ್ಲ."

ಬಂದರೆ ಬರುತ್ತಿತ್ತು. ಆದರೆ ಮಗ್ಗದ ಮುಂದಿನಿಂದ ಎಬ್ಬಿಸಿದ್ದರೆ ಬೀಳುವುದು ನೆಲದ ಮೇಲೆ. ಇದನ್ನು ಡಾಕ್ಟರಮ್ಮ ಹೇಳಲಿಲ್ಲ. ಶಕುಂತಲಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಮಾತ್ರೆಯನ್ನು ಇನ್ನು ಯಾವುದಕ್ಕೆ ಕಟ್ಟುವುದೆಂದು ಮಾತು ಬಂದಾಗ, "ದೇವರ ದೀಪಕ್ಕೆ ಕಟ್ಟೋಣ, ಎರಡು ಹೊತ್ತೂ ಹಚ್ಚೇ ಹಚ್ತೀನಿ," ಎಂದಳು ಶಕುಂತಲಮ್ಮ.

"ಬೇಡಮ್ಮ. ಸೂತಕ ಬಂದ್ರೆ ದೀಪ ಹಚ್ಚಲ್ಲ ನೀನು," ಎಂದಳು ಅರುಣಾ. ಎಡಗೈಯಲ್ಲಿ ಮೊಬೈಲು ಹಿಡಿದು ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ಅಲಾರಂ ಇಟ್ಟಳು. ಅಪ್ಪನ ಕಡೆ ನೋಡದೆ ಅಂದಳು, "ಇದಕ್ಕೆ ಪಂಚಾಂಗ ಗೊತ್ತಿಲ್ಲ."

ಕೋದಂಡರಾಮಯ್ಯ ಅಲಾರಂ ಹೊಡೆದ ಮೇಲೂ ಸ್ವಿಚ್ಚಿನ ಹತ್ತಿರ ನಿಂತು ಒಂದು ಸಲ "ಮಾತ್ರೆ" ಎನ್ನುವುದನ್ನು ಬಿಡಲಿಲ್ಲ. ಅಮಾವಾಸ್ಯೆಯ ದಿನ ಕೊಟ್ಟಿಗೆಗೆ ಬೀಗ ಹಾಕಿ, ಅಡುಗೆಮನೆ ಬಾಗಿಲಿಗೆ ಬಂದು ಅನ್ನುತ್ತಾನೆ. ಹಲ್ಲುಚಕ್ರಗಳಿಗೆಲ್ಲ ತಗಡಿನ ಮುಚ್ಚಳ ಹೊಡೆಸಿದ್ದಾನೆ.

ಆಮೇಲೆ ಐದು ಅಮಾವಾಸ್ಯೆ ಕಳೆದಿವೆ. ಅರುಣಾಳಿಗೆ ಫಿಟ್ಸ್ ಬಂದಿಲ್ಲ. ಸಣ್ಣ ಮಾತ್ರೆಯನ್ನು ಡಾಕ್ಟರಮ್ಮ ಎರಡು ತಿಂಗಳಲ್ಲಿ ಇಳಿಸಿ ನಿಲ್ಲಿಸಿದರು. ದಾರ ಈಗ ಒಂದಾಗಿಯೇ ಕಾಣುತ್ತದೆ. ಕೊಂಡಪ್ಪ ಮುಂಗಡ ವಾಪಸು ಕೊಡಲಿಲ್ಲ. ಅರುಣಾಳ ಬಲಗೈಯ ತೋರುಬೆರಳು ಪೂರ್ತಿ ಹೋಯಿತು, ನಡುಬೆರಳು ಅರ್ಧ ಹೋಯಿತು. ಒಂದು ವರ್ಷ ಫಿಟ್ಸ್ ಇಲ್ಲದೆ ಕಳೆಯುವವರೆಗೆ ಓಡುವ ಮಗ್ಗದ ಹತ್ತಿರ ಹೋಗಬಾರದೆಂದಿದ್ದಾರೆ. ಅಮ್ಮನ ಪಕ್ಕ ಕೂತು ಎಡಗೈಯಲ್ಲಿ ಗಂಟು ಹಾಕುವುದನ್ನು ಕಲಿಯುತ್ತಿದ್ದಾಳೆ. ಗಂಟು ಕೂರುತ್ತದೆ, ನಿಧಾನಕ್ಕೆ.